ಗಜನಿ ಬದುವಿನ ಸೆಸುವಿಯಂ

ಆತ್ಮೀಯ ಸುಮತಿಯವರೇ,

ನಿಮ್ಮ ಪತ್ರವೂ ಚಿತ್ರಗಳೂ ತಲುಪಿದವು. ಅಘನಾಶಿನಿ ಕಡೆಯ ಗಜನಿ ಗದ್ದೆಯ ಬದುವಿನ ಮೇಲೆ ನೆಲಕ್ಕಂಟಿ ಹಬ್ಬಿರುವ ಆ ಕೆಂಪು ಕಾಂಡದ ಗಿಡ ನಮ್ಮ ಗೋಣಿಸೊಪ್ಪೇ ಇರಬೇಕಲ್ಲವೇ ಎಂದು ಕೇಳಿದ್ದೀರಿ. ಅಲ್ಲ, ಅದು ಸೆಸುವಿಯಂ ಪೋರ್ಚುಲಕಾಸ್ಟ್ರಂ. ಆದರೆ ಹಾಗೆ ಅನ್ನಿಸುವುದು ತೀರಾ ಸಹಜ. ಗಿಡಗಳಿಗೆಲ್ಲ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ಗಟ್ಟಿಮಾಡಿದ ಕಾರ್ಲ್ ಲಿನೇಯಸ್ ಅವರೇ 1753ರಲ್ಲಿ ಇದನ್ನು ಗೋಣಿಸೊಪ್ಪಿನ ಕುಲವಾದ ಪೋರ್ಚುಲಕಾದೊಳಗೆ ಸೇರಿಸಿದ್ದರು. 1759ರ ಹೊತ್ತಿಗೆ ಅಲ್ಲಿಂದ ತೆಗೆದು, ಇದಕ್ಕೆಂದೇ ಸೆಸುವಿಯಂ ಎಂಬ ಹೊಸ ಕುಲ ಕಟ್ಟಿದರು.

ಎಲೆ ನೋಡಿದರೆ ಎರಡೂ ಒಂದೇ ಜಾತಿ ಎನ್ನಿಸುತ್ತದೆ. ದಪ್ಪ, ನುಣುಪು, ಚಿವುಟಿದರೆ ನೀರು. ಕಾಯಿಯೂ ಮೋಸ ಮಾಡುತ್ತದೆ. ಎರಡರದ್ದೂ ಬಲಿತ ಮೇಲೆ ಕುಂಕುಮದ ಭರಣಿಯ ಹಾಗೆ ಅಡ್ಡಕ್ಕೆ ಬಿರಿದು ಮುಚ್ಚಳ ಕಳಚಿಕೊಳ್ಳುತ್ತವೆ, ಒಳಗಿಂದ ಪುಟ್ಟ ಕರಿ ಬೀಜಗಳು ಉದುರುತ್ತವೆ. ಹೀಗಿರುವಾಗ ಬೇರೆ ಮಾಡುವುದಾದರೂ ಹೇಗೆ?

ಹೂವನ್ನು ಕೈಗೆತ್ತಿಕೊಳ್ಳಿ. ಗೋಣಿಸೊಪ್ಪಿನ ಹಳದಿ ಹೂವಿಗೆ ಹೊರಗೆ ಎರಡು ಪುಷ್ಪಪತ್ರ, ಒಳಗೆ ನಿಜವಾದ ದಳಗಳು. ಸೆಸುವಿಯಂಗೆ ದಳಗಳೇ ಇಲ್ಲ. ನಿಮ್ಮ ಚಿತ್ರದಲ್ಲಿ ಐದು ಗುಲಾಬಿ ಎಸಳುಗಳಂತೆ ಕಾಣುವವು ಪುಷ್ಪಪತ್ರಗಳೇ. ಅವುಗಳ ಬೆನ್ನು ತಿರುಗಿಸಿ ನೋಡಿ, ಎಲೆಯಷ್ಟೇ ಹಸಿರಾಗಿರುತ್ತದೆ. ಒಳಮೈಗೆ ಮಾತ್ರ ಬಣ್ಣ. ಪ್ರತಿಯೊಂದರ ತುದಿಗಿಂತ ತುಸು ಕೆಳಗೆ, ಬೆನ್ನ ಮೇಲೆ, ಒಂದು ಪುಟ್ಟ ಕೊಂಬು ಇರುತ್ತದೆ. ಮಸೂರ ಹಿಡಿದರೆ ಅದು ಚೆನ್ನಾಗಿ ಕಾಣುತ್ತದೆ, ನನಗೆ ಈ ಗಿಡದಲ್ಲಿ ಅತ್ಯಂತ ಪ್ರಿಯವಾದ ಗುರುತು ಅದೇ. ಆಮೇಲೆ ಎಳೆಯ ಕಾಯಿಯನ್ನು ಬ್ಲೇಡಿನಿಂದ ಅಡ್ಡ ಕೊಯ್ಯಿರಿ. ಸೆಸುವಿಯಂನಲ್ಲಿ ಸಾಮಾನ್ಯವಾಗಿ ಮೂರು ಕೋಣೆಗಳು, ಕೆಲವೊಮ್ಮೆ ಎರಡು, ನಾಲ್ಕು, ಐದು. ಗೋಣಿಸೊಪ್ಪಿನಲ್ಲಿ ಇರುವುದು ಒಂದೇ ಕೋಣೆ. ಎಲೆಗಳ ಜೋಡಣೆಯನ್ನೂ ಗಮನಿಸಿ: ಸೆಸುವಿಯಂನ ಎಲೆಗಳು ಎದುರುಬದುರು ಕೂತು, ಬುಡದಲ್ಲಿ ಕಾಂಡವನ್ನು ತಬ್ಬಿಕೊಂಡಿರುತ್ತವೆ.

ಹಾಗಾಗಿ ಇವುಗಳ ಕುಟುಂಬವೂ ಬೇರೆ. ಗೋಣಿಸೊಪ್ಪು ಪೋರ್ಚುಲಕೇಸಿಯದ್ದು. ಸೆಸುವಿಯಂ ಐಝೋಯೇಸಿಯದ್ದು, ದಕ್ಷಿಣ ಆಫ್ರಿಕದ ಒಣನೆಲದಲ್ಲಿ ಕಲ್ಲಿನಂತೆ ಕಾಣುವ ಲಿಥಾಪ್ಸ್ ಗಿಡಗಳ ಬಳಗ. ಇನ್ನೂ ಮೇಲಿನ ಹಂತಕ್ಕೆ ಹೋದರೆ ಎರಡೂ ಒಂದೇ ಗಣಕ್ಕೆ ಸೇರುತ್ತವೆ. ಹರಿವೆ, ಪಾಲಕ್, ಬೀಟ್‌ರೂಟ್ ಕೂಡ ಅದೇ ಗಣದವು. ಸೆಸುವಿಯಂ ಹೂವಿನ ಗುಲಾಬಿ ಬಣ್ಣವೂ ಬೀಟ್‌ರೂಟಿನ ಕೆಂಪೂ ಬೀಟಲೈನ್ ಎಂಬ ಒಂದೇ ಗುಂಪಿನ ವರ್ಣದ್ರವ್ಯಗಳಿಂದ ಬಂದವು.

ಇಷ್ಟು ದೂರದವರಾಗಿ ಎಲೆ ಒಂದೇ ತೆರನಾಗಿದ್ದುದು ಹೇಗೆ ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ದಪ್ಪ ಎಲೆ ವಂಶದ ಗುರುತಲ್ಲ, ಬದುಕಿನ ಒತ್ತಡ ಬೇರೆಬೇರೆ ವಂಶಗಳಲ್ಲಿ ಮತ್ತೆಮತ್ತೆ ಮೂಡಿಸಿದ ಗುಣ. ಗೋಣಿಸೊಪ್ಪಿಗೆ ಬಿಸಿಲೂ ಬರವೂ ಒಡ್ಡಿದ ಪರೀಕ್ಷೆಯನ್ನೇ ಸೆಸುವಿಯಂಗೆ ಉಪ್ಪು ಒಡ್ಡಿತು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅವಿಸೇನಿಯಾ ಮರ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಗೆ ಹಾಕುತ್ತದೆ. ಸೆಸುವಿಯಂಗೆ ಅಂಥ ಗ್ರಂಥಿಗಳಿಲ್ಲ. ಅದು ಸೋಡಿಯಂ ಅನ್ನು ಎಲೆಯ ಜೀವಕೋಶಗಳೊಳಗಿನ ರಸಕೋಶಗಳಲ್ಲಿ ಕೂಡಿಹಾಕಿ, ಜೊತೆಗೆ ನೀರನ್ನೂ ತುಂಬಿಕೊಳ್ಳುತ್ತದೆ. ಆ ನೀರಿನಿಂದಲೇ ಎಲೆ ಉಬ್ಬುವುದು, ಆ ಉಪ್ಪಿನಿಂದಲೇ ಅಗಿದರೆ ಉಪ್ಪುಪ್ಪಾಗಿರುವುದು. ಫಿಲಿಪೀನ್ಸ್‌ನಲ್ಲಿ ಇದನ್ನು ದಂಪಾಲಿಟ್ ಎಂದು ಕರೆದು ಉಪ್ಪಿನಕಾಯಿ ಹಾಕುತ್ತಾರೆ.

ಸೆಸುವಿಯಂ ಕುಲದೊಳಗಿನ ವಿಂಗಡಣೆ ಈಚಿನವರೆಗೂ ಬದಲಾಗುತ್ತ ಬಂದಿದೆ. ಜರ್ಮನಿಯ ಸಸ್ಯವಿಜ್ಞಾನಿಗಳಾದ ಬೋಲಿ ಮತ್ತು ಗುಡ್ರುನ್ ಕಾಡರೈಟ್ ಅವರ ತಂಡ 2017ರಲ್ಲಿ ಇಡೀ ಕುಲವನ್ನು ಪರಿಷ್ಕರಿಸಿತು. ಸಿಪ್ಸೀಲಿಯಾ ಎಂದು ಬೇರೆಯೇ ಕುಲವಾಗಿದ್ದ ಒಂದು ಪುಟ್ಟ ಗಿಡವೂ ಆಗ ಸೆಸುವಿಯಂಗೆ ಬಂದು ಸೇರಿತು. ಡಿಎನ್‌ಎ ನೋಡಿದರೆ ಕುಲದಲ್ಲಿ ಎರಡು ಕವಲು, ಒಂದು ಅಮೆರಿಕದ್ದು, ಇನ್ನೊಂದು ಆಫ್ರಿಕದ್ದು. ಆಫ್ರಿಕದ ಕವಲಿನವು ರಾಗಿ, ಜೋಳಗಳಂತೆ ಸಿ4 ವಿಧಾನದಲ್ಲಿ ಆಹಾರ ತಯಾರಿಸುತ್ತವೆ. ಅಮೆರಿಕದ ಕವಲಿನವು ಭತ್ತದಂತೆ ಸಿ3. ಲೋಕದ ಉಷ್ಣವಲಯದ ಕರಾವಳಿಗಳನ್ನೆಲ್ಲ ಆವರಿಸಿರುವ ನಿಮ್ಮ ಬದುವಿನ ಸೆಸುವಿಯಂ ಈ ಅಮೆರಿಕದ ಕವಲಿನದು. ಗೋಣಿಸೊಪ್ಪು ಸಿ4! ಹೊರಗೆ ಅಷ್ಟೊಂದು ಹೋಲುವ ಎರಡು ಎಲೆಗಳ ಒಳಗೆ ನಡೆಯುವ ಕೆಲಸವೇ ಬೇರೆ. ಈ ವಿಷಯ ಓದಿದ ದಿನ ನನಗಾದ ಸಂತೋಷವನ್ನು ನಿಮಗೂ ತಲುಪಿಸಬೇಕೆಂದೇ ಇಷ್ಟುದ್ದ ಬರೆದೆ.

ನಿಮ್ಮಲ್ಲಿ ಒಂದು ಕೋರಿಕೆ ಇದೆ. ಬದು ಸವರುವವರಿಗೆ ಈ ಗಿಡವನ್ನು ಕಳೆ ಎಂದು ಕೀಳದಿರಲು ಹೇಳಿ. ನೆಲ ಮುಟ್ಟಿದ ಪ್ರತಿ ಗಿಣ್ಣಿನಲ್ಲೂ ಬೇರು ಬಿಟ್ಟು ಅದು ಮಣ್ಣನ್ನು ಹಿಡಿದಿಡುತ್ತದೆ, ಉಬ್ಬರದ ನೀರು ತಾಗುವ ಬದುವಿಗೆ ಅಂಥ ಹಿಡಿತ ಬೇಕು.

ಇಂತಿ ನಿಮ್ಮ ಗೆಳತಿ