ಔಷಧದ ಡಬ್ಬಿ ಮತ್ತು ಕನ್ನಡದ ಚೀಟಿ

ಊರು ಬಿಟ್ಟು ಈ ಕಡೆ ಬಂದು ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಔಷಧದ ಡಬ್ಬಿಗಳಿರುತ್ತವೆ. ಒಂದು ಊರಿನಿಂದ ಬಂದದ್ದು, ಇನ್ನೊಂದು ಸ್ಟೇಶನ್ ರಸ್ತೆಯ ಕೆಮಿಸ್ಟರ ಅಂಗಡಿಯಿಂದ ಬಂದದ್ದು. ಮೊದಲನೆಯದರಲ್ಲಿ ಬಜೆಬೇರು, ಓಮಕಾಳು, ಅಳಲೆಕಾಯಿ, ಜಾಜಿಕಾಯಿ, ಹರಳೆಣ್ಣೆಯ ಶೀಸೆ, ತೇಯಲು ಒಂದು ಸಾಣೆಕಲ್ಲು. ಎರಡನೆಯದರಲ್ಲಿ ಅರ್ಧ ಕುಡಿಸಿ ಬಿಟ್ಟ ಸಿರಪ್ಪುಗಳು, ಬಾಯಿ ಅಂಟಿಹೋದ ಟ್ಯೂಬುಗಳು, ಎರಡೇ ಗುಳಿಗೆ ಉಳಿದು ಹೆಸರು ಹರಿದುಹೋದ ಪಟ್ಟಿಗಳು. ಮಗುವಿಗೆ ರಾತ್ರಿ ಹನ್ನೊಂದಕ್ಕೆ ಜ್ವರ ಬಂದಾಗ ಇವೆರಡನ್ನೂ ಹಾಸಿಗೆಯ ಮೇಲೆ ಸುರುವಿಕೊಂಡು ಹುಡುಕುವುದು ನಮ್ಮಲ್ಲಿ ಹಲವರಿಗೆ ಗೊತ್ತಿರುವ ಕೆಲಸವೇ.

ನಾನು ವೈದ್ಯಳಲ್ಲ. ಧಾರವಾಡದಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡು ಬಿ.ಎಸ್‌ಸಿ. ಮುಗಿಸಿ, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ, ಡೊಂಬಿವಲಿಯಿಂದ ದಿನಾಲೂ ಲೋಕಲ್ ಗಾಡಿಯಲ್ಲಿ ನಿಂತು ಹೋಗುವವಳು. ರಸಾಯನಶಾಸ್ತ್ರದಿಂದ ನನಗೆ ಉಳಿದದ್ದು ಲೇಬಲ್ಲು ಓದುವ ಚಟ. ಗುಮಾಸ್ತಿಕೆಯಿಂದ ಬಂದದ್ದು ಕಂಡದ್ದಕ್ಕೆಲ್ಲ ಚೀಟಿ ಅಂಟಿಸುವ ಚಟ. ಇವೆರಡೂ ಸೇರಿ ನಮ್ಮ ಮನೆಯ ಡಬ್ಬಿಗೆ ಒಂದು ಸ್ವರೂಪ ಕೊಟ್ಟಿವೆ.

ಮೊದಲು ಅದನ್ನು ಇಡುವ ಜಾಗದ ಮಾತು. ಹೊಸ ಬ್ಲಾಕುಗಳಲ್ಲಿ ಬಚ್ಚಲಮನೆಯ ಗೋಡೆಗೆ ಕನ್ನಡಿಯ ಕಪಾಟೊಂದನ್ನು ಹಚ್ಚಿಕೊಟ್ಟಿರುತ್ತಾರೆ. ನೋಡಲು ಚೆಂದ, ಔಷಧಕ್ಕೆ ಮಾತ್ರ ಅದಕ್ಕಿಂತ ಕೆಟ್ಟ ಜಾಗವಿಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಬಿಸಿನೀರಿನ ಆವಿಯಲ್ಲಿ ಗುಳಿಗೆಯ ಗತಿಯೇನು? ಒಲೆಯ ಮೇಲಿನ ಹಲಗೆಯೂ ಬೇಡ. ನಮ್ಮದು ದೀಪಾವಳಿಯ ಫರಾಳದ ಹಳೆಯ ಸ್ಟೀಲು ಡಬ್ಬಿ. ಮಲಗುವ ಕೋಣೆಯಲ್ಲಿ, ಕುರ್ಚಿ ಹತ್ತಿದರೂ ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿದೆ.

ಅದರಲ್ಲಿ ಜ್ವರಕ್ಕೆ ಇರುವುದು ಪ್ಯಾರಾಸಿಟಮಾಲ್ ಒಂದೇ. ಆದರೆ ಆ ಒಂದೇ ಔಷಧ ಮೂರು ವೇಷದಲ್ಲಿ ಬರುತ್ತದೆ. ಕೂಸುಗಳ ಹನಿಗಳಲ್ಲಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ. ಸಿರಪ್ಪಿನಲ್ಲಿ ಐದು ಮಿಲಿಗೆ 120 ಅಥವಾ 125 ಇರುವುದು ಒಂದು, 250 ಇರುವುದು ಇನ್ನೊಂದು. ಡಾಕ್ಟರರು ಲೆಕ್ಕ ಹಾಕುವುದು ಮಗುವಿನ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಕಿಲೋ ಒಂದಕ್ಕೆ ಹತ್ತರಿಂದ ಹದಿನೈದು ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ ಹೆಚ್ಚೆಂದರೆ 150 ಎಂದಿಟ್ಟುಕೊಳ್ಳಿ. ತೆಳುವಾದ ಸಿರಪ್ಪಿನಲ್ಲಿ ಅದು ಆರು ಮಿಲಿ, ಗಟ್ಟಿಯದರಲ್ಲಿ ಮೂರೇ ಮಿಲಿ. ಹನಿಯ ಶೀಸೆಯಲ್ಲಾದರೆ ಒಂದೂವರೆ ಮಿಲಿ! ‘ಒಂದು ಚಮಚ ಕೊಟ್ಟೆ’ ಎಂಬ ಮಾತಿಗೆ ಆದ್ದರಿಂದ ಅರ್ಥವೇ ಇಲ್ಲ. ಯಾವ ಶೀಸೆ, ಯಾವ ಚಮಚ? ನಮ್ಮ ಅಡಿಗೆಮನೆಯ ಚಮಚಗಳು ಒಂದರಂತೆ ಒಂದಿಲ್ಲ. ಶೀಸೆಯ ಜೊತೆ ಬರುವ ಗೆರೆ ಹಾಕಿದ ಮುಚ್ಚಳವನ್ನೇ ಬಳಸಬೇಕು. ಎರಡು ಸಲದ ನಡುವೆ ನಾಲ್ಕರಿಂದ ಆರು ತಾಸು ಬಿಡಬೇಕು, ದಿನಕ್ಕೆ ನಾಲ್ಕು ಸಲ ಮೀರಬಾರದು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಬಂದರೆ ಡಬ್ಬಿ ತೆರೆಯುವ ಮಾತೇ ಇಲ್ಲ, ನೇರ ಡಾಕ್ಟರರಲ್ಲಿಗೆ.

ಜ್ವರ ಬೇಗ ಇಳಿಯಲಿ ಎಂದು ದೊಡ್ಡವರ ಗುಳಿಗೆಯನ್ನು ಚೂರು ಮಾಡಿ ಕೊಡುವವರಿದ್ದಾರೆ. ಆಸ್ಪಿರಿನ್ ಮಕ್ಕಳಿಗೆ ಸಲ್ಲದು. ನಿಮೆಸುಲೈಡನ್ನು ಹನ್ನೆರಡು ವರ್ಷದೊಳಗಿನವರಿಗೆ ಕೊಡುವುದನ್ನು ನಮ್ಮ ಸರಕಾರವೇ 2011ರಲ್ಲಿ ನಿಷೇಧಿಸಿದೆ. ಮಳೆಗಾಲದ ಜ್ವರ ಡೆಂಗಿಯೂ ಆಗಿರಬಹುದಾದ್ದರಿಂದ ಡಾಕ್ಟರರು ನೋಡುವ ತನಕ ಐಬುಪ್ರೊಫೇನ್ ಸಹ ಬೇಡ, ಅದರಿಂದ ರಕ್ತಸ್ರಾವದ ಭಯ.

ಇನ್ನು ಹೊಟ್ಟೆಯ ವಿಷಯ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಜೀವರಕ್ಷಕ ದ್ರಾವಣದ ಪುಡಿ, ಅಂದರೆ ಓ.ಆರ್.ಎಸ್., ನೋಡಲು ಬಡಪಾಯಿ ಪದಾರ್ಥ. ಒಂದು ಪಾಕೀಟಿನಲ್ಲಿ ಗ್ಲೂಕೋಸು 13.5 ಗ್ರಾಂ, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡು 1.5, ಸೋಡಿಯಂ ಸಿಟ್ರೇಟು 2.9. ಎಲ್ಲ ಕೂಡಿದರೆ ಇಪ್ಪತ್ತೂವರೆ ಗ್ರಾಂ, ಒಂದು ಲೀಟರು ನೀರಿಗೆ. ಭೇದಿಯಾಗುವಾಗ ಬರೀ ನೀರು ಕರುಳಿನಲ್ಲಿ ಸರಿಯಾಗಿ ನಿಲ್ಲುವುದಿಲ್ಲ. ಆದರೆ ಗ್ಲೂಕೋಸು ಕರುಳಿನ ಗೋಡೆ ದಾಟುವಾಗ ಉಪ್ಪಿನ ಸೋಡಿಯಮ್ಮಿನ ಕೈಹಿಡಿದು ಕರೆದುಕೊಂಡು ಹೋಗುತ್ತದೆ, ಅವುಗಳ ಬೆನ್ನ ಹಿಂದೆ ನೀರು ಹೋಗುತ್ತದೆ. ಇಷ್ಟೇ ತತ್ತ್ವ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಬನಗಾಂವ್‌ದಲ್ಲಿ ಡಾ. ದಿಲೀಪ ಮಹಲನಬೀಸರು ಸಲಾಯಿನ್ ಸಾಲದೆ, ಇಂಥ ದ್ರಾವಣವನ್ನೇ ಡ್ರಮ್ಮುಗಳಲ್ಲಿ ಕಲಸಿ ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಆ ಪುಣ್ಯಾತ್ಮರು 2022ರಲ್ಲಿ ತೀರಿಕೊಂಡ ಮೇಲೆ, 2023ರಲ್ಲಿ ಪದ್ಮವಿಭೂಷಣ ಬಂತು.

2005ರ ಜುಲೈ 26, ಮಂಗಳವಾರ. ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆ ಬಿದ್ದ ದಿನ. ಗಾಡಿಗಳು ನಿಂತವು. ನಾನು ಕಚೇರಿಯಲ್ಲಿ, ನಮ್ಮವರು ಬೇಲಾಪುರ ರಸ್ತೆಯ ಕಾರಖಾನೆಯಲ್ಲಿ. ಡೊಂಬಿವಲಿಯ ಮನೆಯಲ್ಲಿ ಹದಿನಾಲ್ಕು ತಿಂಗಳ ಮಗ ಮತ್ತು ಗದಗಿನಿಂದ ಬಂದಿದ್ದ ಅತ್ತೆಯವರು, ಇಬ್ಬರೇ. ಬೆಳಿಗ್ಗೆ ಹೊರಡುವಾಗಲೇ ಮಗುವಿಗೆ ಎರಡು ಸಲ ನೀರಾಗಿ ಹೋಗಿತ್ತು. ಮಧ್ಯಾಹ್ನದ ನಂತರ ಫೋನು ಹತ್ತಲಿಲ್ಲ. ಆ ರಾತ್ರಿ ಕಚೇರಿಯ ಮೇಜಿನ ಮೇಲೆ ತಲೆಯಿಟ್ಟು ನಾನೇನೇನು ಎಣಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ನಮ್ಮ ಅತ್ತೆಯವರಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತಿತ್ತು, ಇಂಗ್ಲಿಷು ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ಕೆಮಿಸ್ಟರು ಕೊಡುವ ಪಾಕೀಟುಗಳ ಮೇಲೆ ಇರುವುದೋ ಅವೆರಡೇ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಅವರಾದ್ದರಿಂದ ನಾನು ಪ್ರತಿಯೊಂದು ಔಷಧಕ್ಕೂ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ್ದೆ. ಓ.ಆರ್.ಎಸ್. ಪಾಕೀಟಿನ ಮೇಲೆ ಹೀಗಿತ್ತು: ‘ಭೇದಿಗೆ. ಡಬ್ಬಿಯ ಪಕ್ಕದ ಬಾಟ್ಲಿ ತುಂಬ ಕಾಯಿಸಿ ಆರಿಸಿದ ನೀರು, ಪಾಕೀಟು ಪೂರ್ತಿ. ಅರ್ಧ ಮಾಡಬೇಡಿರಿ. ಪ್ರತಿ ಸಲ ಹೋದ ಮೇಲೆ ಕಾಲು ಲೋಟದಿಂದ ಅರ್ಧ ಲೋಟ, ಚಮಚದಿಂದ. ವಾಂತಿಯಾದರೆ ಹತ್ತು ಮಿನಿಟು ಬಿಟ್ಟು ಮತ್ತೆ ನಿಧಾನ ಕೊಡಿರಿ. ಮರುದಿನಕ್ಕೆ ಇಡಬೇಡಿರಿ.’ ಬಾಟ್ಲಿ ಅಂದರೆ ಒಂದು ಲೀಟರಿನ ಖಾಲಿ ನೀರಿನ ಬಾಟ್ಲಿ, ಅಳತೆಗೆಂದೇ ಇಟ್ಟದ್ದು.

ಮರುದಿನ ಸಂಜೆ, ಎಷ್ಟೋ ದೂರ ನಡೆದು, ಸಿಕ್ಕ ವಾಹನ ಹಿಡಿದು ಮನೆ ಮುಟ್ಟಿದೆ. ಕರೆಂಟಿರಲಿಲ್ಲ. ಮಗ ಸೊರಗಿದ್ದ, ಆದರೆ ನನ್ನನ್ನು ಕಂಡು ಜೋರಾಗಿ ಅತ್ತ, ಕಣ್ಣಲ್ಲಿ ನೀರೂ ಬಂತು. ಭೇದಿಯ ಮಗುವಿಗೆ ಅಳುವಾಗ ಕಣ್ಣೀರು ಬರುವುದು ಎಷ್ಟು ದೊಡ್ಡ ಮಾತೆಂದು ತಾಯಂದಿರಿಗೆ ಹೇಳಬೇಕಾಗಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಅತ್ತೆಯವರು ಪೆನ್ಸಿಲಿನಿಂದ ಗೆರೆ ಹೊಡೆದಿದ್ದರು. ಮೇಲಿನ ಸಾಲು ಭೇದಿಯಾದದ್ದು, ಹನ್ನೊಂದು. ಕೆಳಗಿನದು ಮೂತ್ರ ಹೋದದ್ದು, ಐದು.

“ಹೊಟ್ಟಿ ಕೆಟ್ಟಾಗ ನೀರು ಕೊಟ್ಟರ ನೀರಾಗೇ ಹೋಗತದ ಅಂತ ನಮ್ಮವ್ವ ಹೇಳತಿದ್ಲು,” ಎಂದರು. “ನನ್ನ ಮನಸಿಗೇನು ಬಂದಿದ್ದಿಲ್ಲವಾ. ಚೀಟಿಯೊಳಗ ನೀ ಬರದಿದ್ದಿ, ಅದಕ್ಕ ಕೊಟ್ಟೆ. ನಡುನಡುವ ಗಂಜಿತಿಳಿ ನಂದು.”

ಗಂಜಿತಿಳಿ ಕೊಟ್ಟದ್ದೂ ಸರಿಯೇ. ಆಹಾರ ನಿಲ್ಲಿಸಬಾರದು, ಮೊಲೆಹಾಲನ್ನಂತೂ ನಿಲ್ಲಿಸಲೇಬಾರದು. ಪುಡಿ ಇಲ್ಲದ ಹೊತ್ತಿನಲ್ಲಿ ಒಂದು ಲೀಟರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ. ಜೊತೆಗೆ ಹದಿನಾಲ್ಕು ದಿನ ಜಿಂಕ್ ಕೊಡುತ್ತಾರೆ, ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ. ಆರೆಂಟು ತಾಸು ಮೂತ್ರವಿಲ್ಲದಿದ್ದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ಆಸ್ಪತ್ರೆಗೆ ಓಡಬೇಕು. ಅಂಗಡಿಯಲ್ಲಿ ತಯಾರಾಗಿ ಸಿಗುವ ಸಿಹಿ ಪಾನಕಗಳ ಡಬ್ಬದ ಮೇಲೂ ‘ಓ.ಆರ್.ಎಸ್.’ ಎಂದು ಬರೆದು ಮಾರುತ್ತಿದ್ದರು. ಸರಿಯಾದ ಸೂತ್ರವಿಲ್ಲದ ಪಾನೀಯಕ್ಕೆ ಆ ಹೆಸರು ಹಚ್ಚಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಿತು. ತಡವಾಯಿತು ಎಂದೇ ನನ್ನ ಅಭಿಪ್ರಾಯ.

ಕೆಮ್ಮಿನ ಸಿರಪ್ಪು ನಮ್ಮ ಡಬ್ಬಿಯಲ್ಲಿಲ್ಲ. 1986ರ ಜನವರಿಯಲ್ಲಿ ನಮ್ಮ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಾಲಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿದ್ದು, ಅದನ್ನು ಕುಡಿದ 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ನೇಮಕವಾಯಿತು. ಎರಡು ದ್ರವಗಳೂ ಬಣ್ಣವಿಲ್ಲದ್ದು, ಮಂದ, ಸಿಹಿ. ಕಣ್ಣಿಗೂ ನಾಲಿಗೆಗೂ ಭೇದ ತಿಳಿಯದು, ಮೂತ್ರಪಿಂಡಕ್ಕೆ ಮಾತ್ರ ತಿಳಿಯುತ್ತದೆ. ಸುಮಾರು ನಲ್ವತ್ತು ವರ್ಷಗಳ ಮೇಲೆ, 2025ರಲ್ಲಿ, ಮಧ್ಯಪ್ರದೇಶದ ಛಿಂದವಾಡಾ ಕಡೆ ಅದೇ ವಿಷ ಕೆಮ್ಮಿನ ಸಿರಪ್ಪಿನಲ್ಲಿ ಬಂದು ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳು ಹೋದವು. ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಔಷಧ ಕೂಡದು, ಐದರೊಳಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಇಲಾಖೆ ಆಗ ಸೂಚನೆ ಕೊಟ್ಟಿತು. ಆ ವಾರ ನೆರೂಳಿನಿಂದ ನನ್ನ ತಂಗಿ ಫೋನು ಮಾಡಿ, “ಅಕ್ಕಾ, ಹಂಗಾದ್ರ ರಾತ್ರಿಯೆಲ್ಲಾ ಕೆಮ್ಮತದಲ್ಲ, ಏನು ಕೊಡ್ಲಿ?” ಎಂದಳು. ಅವಳ ಮಗುವಿಗೆ ಎರಡು ವರ್ಷ. ಬೆಚ್ಚನೆಯ ನೀರು, ಮೂಗಿಗೆ ಉಪ್ಪುನೀರಿನ ಹನಿ, ಮಲಗುವಾಗ ಅರ್ಧ ಚಮಚ ಜೇನು ಎಂದೆ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ವರ್ಜ್ಯ. ಉಸಿರಿಗೆ ಪಕ್ಕೆ ಒಳಗೆ ಸೆಳೆದರೆ ಇದಾವುದೂ ಸಾಲದು, ಡಾಕ್ಟರರೇ ಬೇಕು. ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ ಹಚ್ಚುವ ಪದ್ಧತಿಯನ್ನು ನಾನು ಸಣ್ಣವರಿಗೆ ನಿಲ್ಲಿಸಿದ್ದೇನೆ. ಹೊಟ್ಟೆಗೆ ಹೋದರೆ ಕರ್ಪೂರ ಸೆಳವು ತರುತ್ತದೆ.

ಉಳಿದವು ಥರ್ಮಾಮೀಟರು, ಹತ್ತಿ, ಪಟ್ಟಿ, ಗಾಯದ ಮುಲಾಮು, ಸಣ್ಣ ಕತ್ತರಿ. ಸುಟ್ಟ ಗಾಯಕ್ಕೆ ಡಬ್ಬಿಯಲ್ಲಿ ಏನೂ ಇಲ್ಲ, ಇಪ್ಪತ್ತು ಮಿನಿಟು ನಳದ ನೀರೇ ಔಷಧ, ಟೂತ್‌ಪೇಸ್ಟಲ್ಲ. ಕೆಂಪು ಗೆರೆಯ ಪಟ್ಟಿಯ ಆಂಟಿಬಯೋಟಿಕ್ ಉಳಿಸಿಡುವುದಿಲ್ಲ. ನೀರು ಕಲಸಿದ ಆಂಟಿಬಯೋಟಿಕ್ ಪುಡಿಯ ಶೀಸೆ ಹೇಳಿದ ದಿನಗಳ ಮೇಲೆ ಚೆಲ್ಲುವುದೇ. ಗುಡಿಪಾಡವಾ ಮತ್ತು ದಸರೆ, ವರ್ಷಕ್ಕೆ ಎರಡು ಸಲ ತಾರೀಖು ನೋಡುತ್ತೇನೆ.

ಬರುವ ಭಾನುವಾರ ಪನವೇಲ್ ಗಾಡಿ ಹಿಡಿದು ತಂಗಿಯ ಮನೆಗೆ ಹೊಸ ಡಬ್ಬಿ ತೆಗೆದುಕೊಂಡು ಹೋಗಬೇಕು. ಎಲ್ಲ ತುಂಬಿಯಾಗಿದೆ, ಒಂದು ಲೀಟರಿನ ಬಾಟ್ಲಿಯೂ ಸೇರಿ. ಆದರೆ ಹಗಲು ಅವಳ ಮಗುವನ್ನು ನೋಡಿಕೊಳ್ಳುವವರು ಸಾತಾರೆಯ ಕಡೆಯ ಮಾವಶಿ. ಅವರಿಗೆ ನನ್ನ ಕನ್ನಡದ ಚೀಟಿಗಳಿಂದ ಉಪಯೋಗವಿಲ್ಲ. ನಮ್ಮ ಎದುರು ಬ್ಲಾಕಿನ ವೈನಿಯವರನ್ನು ಕೂಡಿಸಿಕೊಂಡು ನಿನ್ನೆಯಿಂದ ಮರಾಠಿಯಲ್ಲಿ ಬರೆಸುತ್ತಿದ್ದೇನೆ. ‘ಅರ್ಧ ಮಾಡಬೇಡಿರಿ’ ಎಂಬಲ್ಲಿ ಅವರೇ ಕೆಂಪು ಶಾಯಿಯಿಂದ ಎರಡು ಗೆರೆ ಎಳೆದರು.