ಹತ್ತು ರೂಪಾಯಿ ಸಾಂಬಾರು

ನಾನಿರುವ ಜಾಗದ ಹೆಸರಿಗೆ ನಮ್ಮಮ್ಮನ ಬಾಯಿ ಇನ್ನೂ ತಿರುಗುವುದಿಲ್ಲ. ಒಮ್ಮೆ ಮಿಜಾನು ಅನ್ನುತ್ತಾಳೆ, ಒಮ್ಮೆ ಮೋಹನ ಅನ್ನುತ್ತಾಳೆ. ತಿಪಟೂರಿನ ಅಕ್ಕಪಕ್ಕದವರು ಕೇಳಿದರೆ ‘ನಾಗಪುರದ ಹತ್ತಿರ ಏನೋ ಒಂದು’ ಎಂದು ಮುಗಿಸಿಬಿಡುತ್ತಾಳೆ. ಅವಳ ತಪ್ಪೇನೂ ಇಲ್ಲ. ಊರಿಗೆ ಹೆಸರು ಮರದಿಂದ ಬರುತ್ತದೆ, ಕೆರೆಯಿಂದ ಬರುತ್ತದೆ, ದೇವರಿಂದ ಬರುತ್ತದೆ. ಮಿಹಾನ್‌ಗೆ ಬಂದದ್ದು ಫೈಲಿನಿಂದ. ಮಲ್ಟಿಮೋಡಲ್ ಇಂಟರ್‌ನ್ಯಾಷನಲ್ ಕಾರ್ಗೋ ಹಬ್ ಅಂಡ್ ಏರ್‌ಪೋರ್ಟ್ ಅಟ್ ನಾಗಪುರ್ ಎಂಬ ಗೂಡ್ಸ್ ಗಾಡಿಯಷ್ಟು ಉದ್ದದ ಹೆಸರಿನಿಂದ ಅಲ್ಲೊಂದು ಇಲ್ಲೊಂದು ಅಕ್ಷರ ಕಿತ್ತು ಜೋಡಿಸಿದ್ದಾರೆ. ತಮಾಷೆಯೆಂದರೆ ಕಾರ್ಗೋ ಎಂಬ ಮಾತಿಗೆ ಅದರಲ್ಲಿ ಅಕ್ಷರವೇ ಸಿಕ್ಕಿಲ್ಲ. ಸರಕಿಗೆಂದು ಕಟ್ಟಿದ ಜಾಗ, ಹೆಸರಿನಿಂದ ಸರಕೇ ಇಳಿದುಹೋಗಿದೆ.

ಈ ಹೆಸರಿನ ಅಡಿಯಲ್ಲಿ ಹಳೆಯ ಹೆಸರುಗಳು ಮಲಗಿವೆ: ಖಾಪ್ರಿ, ಶಿವಣಗಾಂವ, ತೇಲ್ಹಾರಾ, ದಹೇಗಾಂವ, ಚಿಂಚಭುವನ. ಮರಾಠಿಯಲ್ಲಿ ಚಿಂಚ ಎಂದರೆ ಹುಣಸೆ, ಹಾಗಾಗಿ ಕೊನೆಯದನ್ನು ನಾವು ಹುಣಸೇಭುವನ ಎಂದೇ ಕರೆಯುತ್ತೇವೆ. ವರ್ಧಾ ರಸ್ತೆ ಬಿಟ್ಟು ಒಳಗೆ ಬಂದರೆ ಅಗಲವಾದ ರಸ್ತೆಗಳು, ಗಾಜಿನ ಐಟಿ ಕಟ್ಟಡಗಳು, ಏಮ್ಸ್ ಆಸ್ಪತ್ರೆ, ವಿಮಾನ ರಿಪೇರಿಯ ದೊಡ್ಡ ಶೆಡ್ಡು. ಇವುಗಳ ನಡುವೆ ಹುಲ್ಲು. ಬರೀ ಹುಲ್ಲು. 2019ರ ನವೆಂಬರಿನಲ್ಲಿ ಒಂದು ಹುಲಿ ಇಲ್ಲೇ ಓಡಾಡಿ ಅರಣ್ಯ ಇಲಾಖೆಯವರ ನಿದ್ದೆ ಕೆಡಿಸಿತ್ತು. ಅದಕ್ಕೂ ಗುರುತಿನ ಚೀಟಿ ಇರಲಿಲ್ಲ. ಆದರೆ ಗೇಟಿನಲ್ಲಿ ನನ್ನನ್ನು ತಡೆಯುವಂತೆ ಅದನ್ನು ಯಾರೂ ತಡೆದಂತಿಲ್ಲ.

ನಮ್ಮ ಗುಂಪಿನಲ್ಲಿ ನಾಲ್ಕೇ ಜನ. ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುವುದಿಲ್ಲ, ಊರು ಹಿಡಿದು ಕೂಗುತ್ತೇವೆ. ಧಾರವಾಡ ನಮ್ಮೆಲ್ಲರಿಗಿಂತ ಹಿರಿಯರು, ವಿಮಾನದ ಹೊಟ್ಟೆಯೊಳಗೆ ಕೈಹಾಕಿ ಬದುಕುವವರು, ಎಲ್ಲರಿಗೂ ಕಾಕಾ. ಬೀದರ ಕಂಪ್ಯೂಟರಿನವನು. ಕಾಸರಗೋಡು ಆಸ್ಪತ್ರೆಯಲ್ಲಿ ನರ್ಸು. ಕೇರಳ ಎಂದು ಕೇಳಿದ ಕೂಡಲೇ ಎಲ್ಲರೂ ಆಕೆಯ ಹತ್ತಿರ ಮಲಯಾಳ ಶುರುಮಾಡುತ್ತಾರೆ. ‘ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ, ಇಲ್ಲಿ ಬಂದು ಮಲಯಾಳಿ ಆಗುದು ಎಂತ ಕರ್ಮ ಮಾರಾಯ್ರೆ’ ಎಂದು ವಾರಕ್ಕೆರಡು ಸಲ ಹೇಳದಿದ್ದರೆ ಆಕೆಗೆ ಚಹಾ ಇಳಿಯುವುದಿಲ್ಲ. ನಾಲ್ಕನೆಯವನು ತಿಪಟೂರು, ಅಂದರೆ ನಾನು.

ಸೇರುವುದು ಖಾಪ್ರಿ ಮೆಟ್ರೊ ನಿಲ್ದಾಣದ ಕಡೆಯ ಒಂದು ಟಪರಿಯಲ್ಲಿ, ಅಂದರೆ ಚಹಾದಂಗಡಿಯಲ್ಲಿ. ಕಳೆದ ಶ್ರಾವಣದ ಕೊನೆಯ ವಾರ, ಸೋಮವಾರ ಬೆಳಿಗ್ಗೆ ಅಲ್ಲಿ ತರ್ರಿ ಪೋಹೆ ತಿನ್ನುತ್ತಿದ್ದೆವು. ಅವಲಕ್ಕಿ ಒಗ್ಗರಣೆಯ ಮೇಲೆ ಕಡಲೆಕಾಳಿನ ಕೆಂಪು ರಸ ಸುರಿದು, ಅದರ ಮೇಲೆ ಎಣ್ಣೆ ತೇಲುವುದನ್ನು ಹೆಮ್ಮೆಯಿಂದ ತೋರಿಸಿ ಕೊಡುತ್ತಾರೆ. ಕಾಕಾ ಮೂಗೊರೆಸಿಕೊಳ್ಳುತ್ತಾ ಒಂದು ಪ್ರಶ್ನೆ ಎತ್ತಿದರು.

‘ತಮ್ಮಾ, ಇದಕ್ಕ ಊರ ಅಂತಾರೇನು? ಊರ ಅಂದ್ರ ಒಂದ ಕಟ್ಟಿ ಬೇಕು, ಒಂದ ಸಂತಿ ಬೇಕು, ಒಂದ ಹಬ್ಬ ಬೇಕು. ಮತ್ತ ಕೆಲಸ ಇಲ್ಲದಾಂವ ಒಬ್ಬ ಬೇಕೇ ಬೇಕು.’

ನಾವೆಲ್ಲ ತಿರುಗಿ ನೋಡಿದೆವು. ಸೋಮವಾರ ಬೆಳಿಗ್ಗೆ ಒಂಬತ್ತೂವರೆ, ನಾಲ್ವರೂ ಕೆಲಸಕ್ಕೆ ಹೋಗಿರಲಿಲ್ಲ. ಒಂದು ಷರತ್ತು ಅಲ್ಲೇ ತೀರಿತು. ಮೆಟ್ರೊ ಶುರುವಾದ 2019ರಿಂದ ಕೂತು ಕೂತು ಸವೆದಂತಿದ್ದ ಟಪರಿಯ ಸಿಮೆಂಟ್ ದಿಂಡನ್ನು ಬೀದರದವನು ಕೈಯಿಂದ ತಟ್ಟಿ, ‘ಕಟ್ಟಿ ಇದೇ ಅದರೀ ಕಾಕಾ’ ಎಂದ. ಕಾಕಾ ಒಪ್ಪಲಿಲ್ಲ. ಕಟ್ಟೆ ಎಂದಮೇಲೆ ಅದಕ್ಕೊಂದು ಮರವಿರಬೇಕಂತೆ.

ಸಂತೆಯ ವಿಷಯದಲ್ಲಿ ಕಾಕಾ ಹೇಳಿದ್ದು ನಿಜ. ಹಳೆಯ ನಾಗಪುರದಲ್ಲಿ ವಾರವೇ ಪೇಟೆ: ಇತವಾರಿ, ಮಂಗಳವಾರಿ, ಬುಧವಾರಿ, ಶುಕ್ರವಾರಿ. ವಿಳಾಸ ಕೇಳಿದರೆ ಪಂಚಾಂಗ ಓದಿದ ಹಾಗಿರುತ್ತದೆ. ನಮ್ಮಲ್ಲಿ ಇರುವುದು ಸೆಕ್ಟರುಗಳು, ಪ್ಲಾಟ್ ನಂಬರುಗಳು. ಆದರೆ ಮಂಗಳವಾರ ಸಂಜೆ ತರಕಾರಿ ತಳ್ಳುಗಾಡಿಯ ಮಾವಶಿ ಬರುತ್ತಾಳೆ, ನನ್ನ ಬಾಳಿನ ದೊಡ್ಡ ಅವಮಾನ ಆಗಿದ್ದು ಅವಳ ಮುಂದೆಯೇ. ಬಂದ ಹೊಸತರಲ್ಲಿ ‘ಸಾಂಬಾರ್ ಹವಾ ಕಾ?’ ಎಂದು ಕೇಳಿದಳು. ಎಂಥ ತಾಯಿ, ದಕ್ಷಿಣದ ಹುಡುಗ ಎಂದು ತಿಳಿದು ಬಿಸಿ ಸಾಂಬಾರನ್ನೂ ತಂದಿದ್ದಾಳೆ ಎಂದು ಕಣ್ಣು ತುಂಬಿ ಬಂತು. ಓಡಿಹೋಗಿ ಮನೆಯಿಂದ ಪಾತ್ರೆ ತಂದೆ. ಹತ್ತು ರೂಪಾಯಿ ತೆಗೆದುಕೊಂಡು ಪಾತ್ರೆಯೊಳಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಇಟ್ಟಳು. ವಿದರ್ಭದಲ್ಲಿ ಸಾಂಬಾರ್ ಎಂದರೆ ಕೊತ್ತಂಬರಿ! ಈ ಸೊಪ್ಪನ್ನು ಒಳಗೆ ತುಂಬಿ ಕರಿಯುವ ಸಾಂಬಾರ್ ವಡಿ ಇಲ್ಲಿಯ ಪ್ರಸಿದ್ಧ ತಿಂಡಿ. ವಡೆ ಸಾಂಬಾರ್ ಎಂದುಕೊಂಡು ಅದಕ್ಕೂ ಮೋಸಹೋದವನು ನಾನು. ಪಾತ್ರೆಯ ಕಥೆ ಈಗಲೂ ಮಾವಶಿಯ ಬಾಯಲ್ಲಿ ಗಾಡಿಯ ಜೊತೆ ಮನೆಮನೆ ತಿರುಗುತ್ತಿದೆ. ಇದಕ್ಕಿಂತ ಸಂತೆ ಇನ್ನೇನು ಬೇಕು?

ಭಾಷೆಯ ವಿಷಯಕ್ಕೆ ಬಂದರೆ ಬೀದರದವನೇ ಸುಖಿ. ಪುಣೆಯವರು ಇಲ್ಲಿಯ ಮರಾಠಿಯನ್ನು ಕೇಳಿ ಮೂಗು ಮುರಿಯುತ್ತಾರೆ, ಏಕೆಂದರೆ ಇಲ್ಲಿ ಬರುತ್ತಿದ್ದೇನೆ ಎನ್ನುವುದು ‘ಯೇಊನ್ ರಾಹಿಲೋ’. ಅವನು ಬಾಲ್ಯದಿಂದ ‘ಬರ್ಲಕತ್ತೀನಿ’ ಎಂದವನು, ಅದಕ್ಕೆ ಮೈಸೂರಿನವರು ಮೂಗು ಮುರಿದದ್ದನ್ನು ಕಂಡವನು. ಮೂಗು ಮುರಿಸಿಕೊಂಡ ಎರಡು ಭಾಷೆಗಳು ತಕ್ಷಣ ನೆಂಟರಾದವು.

ಬುಧವಾರ ಏನೂ ಆಗಲಿಲ್ಲ. ಮಳೆ ಬಂತು.

ಗುರುವಾರವೂ ಮಳೆ. ಟಪರಿಯ ತಗಡಿನ ಕೆಳಗೆ ನಿಂತಾಗ ಬೀದರದವನು ಇದ್ದಕ್ಕಿದ್ದ ಹಾಗೆ ಇತಿಹಾಸ ತೆಗೆದ. ‘ನಾವು ಇಲ್ಲಿಗಿ ಹೊಸಬ್ರಲ್ಲ ಕಾಕಾ. ನಮ್ಮ ಕಲ್ಯಾಣದ ವಿಕ್ರಮಾದಿತ್ಯನ ಕಾಲದ ಶಾಸನ ಇಲ್ಲೇ ಬರ್ಡಿದಾಗ ಸಿಕ್ಕದ.’ ಬರ್ಡಿ ಎಂದರೆ ಸೀತಾಬರ್ಡಿ, ನಾಗಪುರದ ನಟ್ಟನಡುವಿನ ಗುಡ್ಡ. ಮಾತು ಸುಳ್ಳಲ್ಲ: ಅಲ್ಲಿಯ ಕಲ್ಲುಕಂಬದ ಶಾಸನ ಶಕ 1008ರದು, ಅಂದರೆ 1087ರ ಸುಮಾರಿನದು, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯದು. ಅದರಲ್ಲಿ ದಾನ ಕೊಟ್ಟಿರುವುದು ದನಗಳಿಗೆ ಮೇವಿನ ಭೂಮಿ.

‘ಶಾಸನ ಕನ್ನಡದಲ್ಲುಂಟಾ?’ ಎಂದು ಕಾಸರಗೋಡು ಕೇಳಿತು.

‘ಸಂಸ್ಕೃತದಾಗ…’ ಎಂದು ಬೀದರ ದನಿ ಇಳಿಸಿತು. ಅವನ ಮುಖ ನೋಡಲಾರದೆ ನಾನು ಜುರಾ ಎಳೆದು ತಂದೆ. ಮಧ್ಯಪ್ರದೇಶದ ಮೈಹರ್ ಹತ್ತಿರದ ಜುರಾದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪ್ರಶಸ್ತಿ ಇದೆ, ಅದು ಕನ್ನಡದ್ದೇ. ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದು ಕೊಟ್ಟ ಕೃಷ್ಣನೇ ಅವನು. ಇಲ್ಲಿಂದ ಇನ್ನೂ ನೂರಾರು ಕಿಲೋಮೀಟರ್ ಉತ್ತರಕ್ಕೆ ಹೋಗಿ ಕನ್ನಡ ಕೆತ್ತಿಸಿ ಬಂದ. ಯಾರು ಓದುತ್ತಾರೆ ಎಂದು ಕೆತ್ತಿಸಿದನೋ! ನಮ್ಮ ಹಾಗೆ ಅಲ್ಲಿಯೂ ನಾಲ್ಕು ಜನ ಇದ್ದಿರಬೇಕು, ಮಳೆಯಲ್ಲಿ ನಿಂತು ‘ಇದು ಊರೇ?’ ಎಂದು ಜಗಳವಾಡುತ್ತ.

ಅಷ್ಟರಲ್ಲಿ ಒಬ್ಬ ಮುದುಕ ಜೋಡಿ ಎತ್ತು ಹೊಡೆದುಕೊಂಡು ಅದೇ ತಗಡಿನ ಕೆಳಗೆ ಬಂದು ನಿಂತ. ಖಾಲಿ ಪ್ಲಾಟುಗಳಲ್ಲಿ ಮೇಯಿಸುವವನು. ದಿನಾ ಕಂಪನಿ ಬಸ್ಸಿಗೆ ಅಡ್ಡವಾಗಿ ನಮಗೆ ಕಾನೂನುಬದ್ಧವಾದ ವಿಳಂಬ ಒದಗಿಸುವ ಎತ್ತುಗಳು ಇವೇ. ಮರುದಿನ ಪೋಳಾ ಅಮಾವಾಸ್ಯೆ, ಎತ್ತುಗಳ ಹಬ್ಬ. ಹಿಂದಿನ ಸಂಜೆ ಎತ್ತಿನ ಹೆಗಲಿಗೆ ಅರಿಸಿನ ತುಪ್ಪ ತಿಕ್ಕಿ, ನಾಳೆ ಊಟಕ್ಕೆ ಬನ್ನಿ ಎಂದು ಅವಕ್ಕೆ ಮರ್ಯಾದೆಯಿಂದ ಕರೆಯ ಹೇಳುವುದು ಇಲ್ಲಿಯ ಪದ್ಧತಿ. ಕಾಕಾ ಅವನನ್ನು ಮಾತಿಗೆಳೆದರು. ಹೊಲ ಎಷ್ಟು ಎಂದು ಕೇಳಿದ್ದಕ್ಕೆ ಅವನು ಕೋಲೆತ್ತಿ ತೋರಿಸಿದ್ದು ಗಾಜಿನ ಕಟ್ಟಡದ ಪಾರ್ಕಿಂಗ್ ಜಾಗವನ್ನು. ಯೋಜನೆಗೆ ಹೋಯಿತಂತೆ, ದುಡ್ಡು ಬಂತಂತೆ, ಮಗಳ ಮದುವೆಯಾಯಿತಂತೆ. ಮತ್ತೆ ಎತ್ತು ಯಾಕೆ? ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ನಾಳೆ ಪೋಳಾ ಅಲ್ಲವೇ’ ಎಂದ. ಹಬ್ಬವಿದೆ, ಆದ್ದರಿಂದ ಎತ್ತಿದೆ. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಅವರಿಗೂ ಧಾರವಾಡದ ಕಡೆ ಯಾವುದೋ ಹಳ್ಳಿಯಲ್ಲಿ ಒಂದು ಹೊಲವಿತ್ತು ಎಂಬುದು ನನಗೆ ಗೊತ್ತಿತ್ತು, ಕೇಳಲಿಲ್ಲ.

ಶುಕ್ರವಾರ ಆ ಎತ್ತುಗಳು ಕೊಂಬಿಗೆ ಬಣ್ಣ, ಬೆನ್ನಿಗೆ ಜೂಲು, ಹಣೆಗೆ ಬಾಸಿಂಗ ಕಟ್ಟಿಕೊಂಡು ಮದುಮಕ್ಕಳ ಹಾಗೆ ಅಗಲ ರಸ್ತೆಯ ನಡುವೆ ನಡೆದುಬಂದವು. ಬಸ್ಸು ಕಾಯಿತು. ಡ್ರೈವರ್ ಹಾರ್ನ್ ಹೊಡೆಯಲಿಲ್ಲ, ಇಳಿದು ಬಂದು ನಮಸ್ಕರಿಸಿ ಮುದುಕನ ಕೈಗೆ ಬೋಜಾರಾ, ಅಂದರೆ ಹಬ್ಬದ ಕಾಣಿಕೆ, ಎಂದು ನೋಟು ಇಟ್ಟ. ‘ನಮ್ಮಲ್ಲೆ ಮಣ್ಣೆತ್ತಿನ ಅಮಾಸಿ ಆಗಿ ಎರಡ ತಿಂಗಳಾತು. ಅಲ್ಲೆ ಮಣ್ಣಿನ ಎತ್ತು, ಇಲ್ಲೆ ನಾಳೆ ಹುಡುಗರು ಕಟಿಗಿ ಎತ್ತು ಎಳೀತಾವ’ ಎಂದರು ಕಾಕಾ. ಹಬ್ಬದ ಷರತ್ತನ್ನು ಅವರೇ ಮರೆತಿದ್ದರು, ನಾವು ನೆನಪಿಸಲಿಲ್ಲ.

ಶನಿವಾರ ಮೆಟ್ರೊ ಹತ್ತಿ ಬರ್ಡಿಗೆ, ಅಲ್ಲಿಂದ ಇತವಾರಿಗೆ. ಪೋಳಾದ ಮರುದಿನ ಮಾರಬತ್ ಮೆರವಣಿಗೆ. ನೂರು ವರ್ಷ ದಾಟಿದ, ನಾಗಪುರದ್ದೇ ಆದ ಹಬ್ಬ. ಒಂದು ಕಪ್ಪು ಗೊಂಬೆ, ಒಂದು ಹಳದಿ ಗೊಂಬೆ, ಎರಡೂ ಮಹಡಿ ಮನೆಯ ಕಿಟಕಿಯೊಳಗೆ ಇಣುಕುವಷ್ಟು ಎತ್ತರ. ಹಿಂದೆ ಬಡಗ್ಯಾ ಎಂಬ ಗಂಡುಗೊಂಬೆಗಳು. ಅವುಗಳ ಮೇಲೆ ಆ ವರ್ಷ ಜನಕ್ಕೆ ಸಿಟ್ಟು ಬರಿಸಿದ್ದೆಲ್ಲ ಬರೆದಿರುತ್ತಾರೆ, ಬೆಲೆಯೇರಿಕೆಯಿಂದ ಹಿಡಿದು ಮಂತ್ರಿಗಳವರೆಗೆ. ರೋಗ ರುಜಿನ, ಪೀಡೆ ಪಿಶಾಚಿ ಎಲ್ಲ ತಗೊಂಡು ಹೋಗು ಮಾರಬತ್ ಎಂದು ಕೂಗಿ ಕೊನೆಗೆ ಸುಟ್ಟುಬಿಡುತ್ತಾರೆ. ಗದ್ದಲದಲ್ಲಿ ಯಾರು ಏನು ಕೂಗಿದರೂ ಕೇಳಿಸುವುದಿಲ್ಲ. ಕಾಸರಗೋಡು ನೈಟ್ ಡ್ಯೂಟಿಯನ್ನು ತಗೊಂಡು ಹೋಗು ಎಂದು ಕನ್ನಡದಲ್ಲೇ ಕೂಗಿತು. ಪಕ್ಕದಲ್ಲಿದ್ದ ಹೆಂಗಸು ಖುಷಿಯಾಗಿ, ಕೇರಳದವರೇ ಎಂದು ಕೇಳಿದಳು.

ಭಾನುವಾರ ನನ್ನ ಮನೆಯಲ್ಲಿ ಅಡುಗೆ. ಮೂವರೂ ನೆಲದ ಮೇಲೆ ಕೂತು, ಕಟ್ಟೆಗೆ ಮರ ಬೇಕೇ ಬೇಡವೇ ಎಂದು ಚರ್ಚಿಸುತ್ತಿದ್ದರು. ಒಲೆ ಮುಂದೆ ನಿಂತಾಗ ಅಮ್ಮನ ಫೋನ್ ಬಂತು.

‘ಏನೋ ಮಾಡ್ತಿದೀಯ?’

‘ಬೇಳೆ ಸಾರಮ್ಮ. ಇಳಿಸ್ತಾ ಇದೀನಿ.’

‘ಮೇಲೆ ಏನಾದ್ರೂ ಹಾಕಿದ್ಯಾ, ಹಂಗೇ ಬೋಳುಬೋಳಾಗಿ ಇಳಿಸ್ತಿದೀಯಾ?’

‘ಹಾಕಿದೆ ಕಣಮ್ಮ. ಒಂದು ಹಿಡಿ ಸಾಂಬಾರ್ ಹೆಚ್ಚಿ ಹಾಕಿದೆ.’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

‘ಸಾರಿಗೆ ಸಾಂಬಾರ್ ಹೆಚ್ಚಿ ಹಾಕಿದ್ಯಾ?’ ಎಂದಳು ಅಮ್ಮ. ‘ಇರು, ನಿಮ್ಮಪ್ಪಂಗೆ ಕೊಡ್ತೀನಿ.’