ಜಾತಿ ನಾಯಿ, ಕಂತ್ರಿ ನಾಯಿ

ನಮ್ಮ ಮನೆಯಲ್ಲಿ ಎರಡು ನಾಯಿಗಳಿದ್ದವು. ಒಂದಕ್ಕೆ ಲಸಿಕೆಯ ಕಾರ್ಡು ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಈ ಬರಹ ಕಾರ್ಡು ಇಲ್ಲದ ನಾಯಿಯ ಬಗ್ಗೆ.

ಕಾರ್ಡು ಇದ್ದದ್ದು ರಾಜಾನಿಗೆ. ತಮ್ಮ ಹುಬ್ಬಳ್ಳಿಯಲ್ಲಿ 12,000 ರೂಪಾಯಿ ಕೊಟ್ಟು ತಂದ ಜರ್ಮನ್ ಶೆಫರ್ಡ್ ಮರಿ ಅದು. ರಟ್ಟಿನ ಪೆಟ್ಟಿಗೆಯಲ್ಲಿ ಕೂತು, ಬಸ್ಸಿನಲ್ಲಿ ಘಟ್ಟ ಇಳಿದು ಹಿಲ್ಲೂರಿಗೆ ಬಂತು. "ಜಾತಿ ನಾಯಿ ತಂದಾರಂತೆ" ಎಂದು ಕೇರಿಯವರೆಲ್ಲ ನೋಡಲು ಬಂದರು. ಅದಕ್ಕೆ ಬೇರೆ ತಟ್ಟೆ, ಬೇರೆ ಸಾಬೂನು, ಪೇಟೆಯಿಂದ ತಂದ ಆಹಾರ. ಗುಡುಗಿದರೆ ಸಾಕು, ಮಂಚದ ಅಡಿಗೆ ಓಡುತ್ತಿತ್ತು.

ಕಾಳನನ್ನು ಯಾರೂ ತಂದದ್ದಲ್ಲ. ಒಂದು ಮಳೆಗಾಲದಲ್ಲಿ ಬಸ್ ಸ್ಟಾಪಿನಿಂದ ಅವ್ವನ ಹಿಂದೆ ಹಿಂದೆ ನಡೆದು ಬಂದು ಕೊಟ್ಟಿಗೆಯ ಮೂಲೆಯಲ್ಲಿ ಮಲಗಿದ್ದು, ಅಲ್ಲೇ ಉಳಿಯಿತು. ಉಳಿದ ಗಂಜಿ, ಮೀನಿನ ಮುಳ್ಳು ಅದರ ಪಾಲು. ರಾತ್ರಿ ಗದ್ದೆಗೆ ಹಂದಿ ಬಂದರೆ ಅಟ್ಟುತ್ತಿದ್ದದ್ದು ಅದೇ. ಬಂದವರು ಯಾರೂ ಅದನ್ನು ನೋಡಲು ಬಂದವರಲ್ಲ. ಅದು ಕಂತ್ರಿ ನಾಯಿ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲಿಂದಲೋ ಒಂದು ನಾಯಿ ಜೊಲ್ಲು ಸುರಿಸಿಕೊಂಡು ಕೇರಿಗೆ ನುಗ್ಗಿತು. ನಮ್ಮ ದಣಪೆಯ ಹತ್ತಿರ ಬಂದಾಗ ಕಾಳ ಅಡ್ಡ ಹೋದ. ಜಗಳದಲ್ಲಿ ಕಾಳನ ಕುತ್ತಿಗೆಗೆ ಗಾಯವಾಯಿತು. ಅವ್ವ ಅರಿಶಿನ ಹಚ್ಚಿದಳು. ಆ ನಾಯಿ ಎರಡು ದಿನದ ಮೇಲೆ ಹೊಳೆ ದಂಡೆಯಲ್ಲಿ ಸತ್ತು ಬಿದ್ದಿತ್ತು. ಆಗ ನನಗೆ ಹೆದರಿಕೆಯಾಗಿ ಪಶು ವೈದ್ಯರಿಗೆ ಫೋನ್ ಮಾಡಿದೆ.

"ನಿಮ್ಮ ನಾಯಿಗೆ ಲಸಿಕೆ ಆಗಿದೆಯಾ?"

"ರಾಜಾನಿಗೆ ಆಗಿದೆ ಸರ್, ಕಾರ್ಡು ಇದೆ."

"ನಾ ಕೇಳಿದ್ದು ಕಚ್ಚಿಸಿಕೊಂಡ ನಾಯಿಗೆ."

ನನ್ನಲ್ಲಿ ಉತ್ತರವಿರಲಿಲ್ಲ. ರೇಬೀಸ್ ಬಗ್ಗೆ ಎಷ್ಟೋ ಸಲ ಸುದ್ದಿ ಬರೆದವನು ನಾನು. ರಾಜಾನಿಗೆ ಲಸಿಕೆ ಹಾಕಿಸಲು ಪೇಟೆಗೆ ಹೋದಾಗಲೆಲ್ಲ ಕಾಳ ನನ್ನ ಬೈಕಿನ ಹಿಂದೆ ರಸ್ತೆಯ ತಿರುವಿನವರೆಗೆ ಓಡಿ ಬರುತ್ತಿದ್ದ. ಅವನನ್ನೂ ಕರೆದುಕೊಂಡು ಹೋಗಬಹುದು ಎಂದು ಒಮ್ಮೆಯೂ ಹೊಳೆಯಲಿಲ್ಲ.

ವೈದ್ಯರು ಹೇಳಿದಂತೆ ಕಾಳನನ್ನು ಯಾರೂ ಮುಟ್ಟದ ಹಾಗೆ ಕಟ್ಟಿದೆವು. ಐದನೆಯ ವಾರ ಅವನ ದನಿ ಬದಲಾಯಿತು. ಕೆಳದವಡೆ ಜೋತುಬಿತ್ತು. ನೀರಿನ ಹತ್ತಿರ ಬಾಯಿ ತರುತ್ತಿದ್ದ, ನುಂಗಲು ಆಗುತ್ತಿರಲಿಲ್ಲ. ಎರಡು ದಿನದಲ್ಲಿ ಹೋದ.

ತಮ್ಮನ ಮಗಳಿಗೆ ಹತ್ತು ವರ್ಷ. ಕಾಳ ಮಂಕಾಗುವ ಮುಂಚಿನ ದಿನ ಯಾರೂ ಇಲ್ಲದ ಹೊತ್ತು ನೋಡಿ ಹೋಗಿ ಅವನನ್ನು ತಬ್ಬಿದ್ದಳಂತೆ. ಅವಳ ಮೊಣಕಾಲಿನ ತರಚು ಗಾಯವನ್ನು ಕಾಳ ನೆಕ್ಕಿದ್ದ. ಕಚ್ಚಲೇ ಬೇಕೆಂದಿಲ್ಲ, ಗಾಯಕ್ಕೆ ಜೊಲ್ಲು ತಾಗಿದರೂ ಸಾಕು. ಅವಳನ್ನು ಅಂಕೋಲೆಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೊನೆಯ ಸೂಜಿ ಮುಗಿಯುವವರೆಗೆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಅವಳು ಮಾತ್ರ ಬೈಕಿನಲ್ಲಿ ಹಿಂದೆ ಕೂತು ಕೇಳಿದಳು: "ದೊಡ್ಡಪ್ಪ, ನಾಯಿ ಎಲ್ಲ ತೋಳದಿಂದ ಬಂದದ್ದು ಅಂತ ಟೀಚರ್ ಹೇಳಿದ್ರು. ಹಂಗಾದ್ರೆ ರಾಜಾ ಮಾತ್ರ ಜಾತಿ ನಾಯಿ ಹೆಂಗೆ?"

ಅವಳಿಗೆ ಉತ್ತರ ಕೊಡಬೇಕೆಂದು ಓದಿಕೊಂಡದ್ದನ್ನು ನಿಮಗೂ ಹೇಳುತ್ತೇನೆ.

ಟೀಚರ್ ಹೇಳಿದ್ದು ನಿಜ. ಲೋಕದ ಎಲ್ಲ ಸಾಕುನಾಯಿಗಳ ಮೂಲ ಬೂದು ತೋಳ. ಈಗ ಬದುಕಿರುವ ತೋಳಗಳೇ ಅವುಗಳ ಅಪ್ಪ ಅಮ್ಮ ಅಲ್ಲ. ಇವತ್ತಿನ ತೋಳಕ್ಕೂ ನಾಯಿಗೂ ಪೂರ್ವಜರಾದ ಹಳೆಯ ತೋಳಗಳಿದ್ದವು, ಅವು ಈಗ ಇಲ್ಲ. ನಮ್ಮ ಕಡೆಯ ಕಾಡಿನಲ್ಲಿ ತೋಳ ಇಲ್ಲದ್ದರಿಂದ ಹಲವರು ಸೀಳುನಾಯಿಯನ್ನೇ ನಾಯಿಯ ಮೂಲ ಎಂದುಕೊಂಡಿದ್ದಾರೆ. ಅಣಶಿ, ದಾಂಡೇಲಿ ಕಡೆ ಕಾಣುವ ಆ ಕೆಂಪು ಕಾಡುನಾಯಿಯ ಕುಲವೇ ಬೇರೆ. ನಾಯಿಗೆ 42 ಹಲ್ಲು, ಸೀಳುನಾಯಿಗೆ 40. ಸಂಜೆ ಊಳಿಡುವ ನರಿಯೂ ದಾಯಾದಿಯೇ ಹೊರತು ಅಜ್ಜ ಅಲ್ಲ. ತೋಳ ನೋಡಬೇಕೆಂದರೆ ಘಟ್ಟ ಹತ್ತಿ ಬಯಲುಸೀಮೆಗೆ ಹೋಗಬೇಕು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಧಾಮ ಇದೆ.

ತೋಳ ನಾಯಿಯಾದದ್ದು ಕಡಿಮೆ ಎಂದರೂ 15,000 ವರ್ಷಗಳ ಹಿಂದೆ. ಆಗ ಮನುಷ್ಯ ಭತ್ತ ಬೆಳೆದಿರಲಿಲ್ಲ, ದನ ಕಟ್ಟಿರಲಿಲ್ಲ, ಕೋಳಿ ಸಾಕಿರಲಿಲ್ಲ. ಬೇಟೆಯಾಡಿ ತಿನ್ನುವವರ ಬಿಡಾರದ ಸುತ್ತ ಎಲುಬು ಬಿದ್ದಿರುತ್ತಿತ್ತು. ಹೆದರಿಕೆ ಕಡಿಮೆ ಇದ್ದ ತೋಳಗಳು ಹತ್ತಿರ ಸುಳಿದವು, ಅವುಗಳ ಮರಿಗಳು ಇನ್ನೂ ಹತ್ತಿರ ಬಂದವು ಎನ್ನುವುದು ಹೆಚ್ಚು ಜನ ಒಪ್ಪುವ ಮಾತು. ಮರಿಗಳನ್ನು ಎತ್ತಿ ತಂದು ಸಾಕಿರಬೇಕು ಎನ್ನುವವರೂ ಇದ್ದಾರೆ. ರಷ್ಯಾದ ಸೈಬೀರಿಯಾದಲ್ಲಿ 1959ರಿಂದ ಬೆಳ್ಳಿ ನರಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಪ್ರತಿ ತಲೆಮಾರಿನಲ್ಲಿ ಸಾಧುವಾದವುಗಳನ್ನು ಮಾತ್ರ ಆರಿಸಿ ಮರಿ ಹಾಕಿಸಿದರು. ಕೆಲವೇ ತಲೆಮಾರಿನಲ್ಲಿ ಅವು ಜನರನ್ನು ಕಂಡರೆ ಬಾಲ ಆಡಿಸತೊಡಗಿದವು, ಕೆಲವಕ್ಕೆ ಕಿವಿ ಜೋತುಬಿದ್ದಿತು.

ಆಮೇಲೆ ಬೇಸಾಯ ಬಂತು, ನಾಯಿಯ ಹೊಟ್ಟೆಯೂ ಬದಲಾಯಿತು. ಪಿಷ್ಟ ಅರಗಿಸುವ ಜೀನ್ ತೋಳದಲ್ಲಿ ಸಾಮಾನ್ಯವಾಗಿ ಎರಡು ಪ್ರತಿ ಇದ್ದರೆ, ನಾಯಿಗಳಲ್ಲಿ ಅದರ ಎಷ್ಟೋ ಪಟ್ಟು ಇರುವುದನ್ನು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಕಾಳ ಗಂಜಿ ಕುಡಿದು ಗಟ್ಟಿಯಾಗಿದ್ದ ಗುಟ್ಟು ಇದು.

ಹಾಗಾದರೆ ಇಷ್ಟೊಂದು ತಳಿ ಎಲ್ಲಿಂದ ಬಂತು? ನಮ್ಮೂರಿನವರಿಗೆ ಇದನ್ನು ಹೇಳುವುದು ಸುಲಭ. ಅಂಕೋಲೆಯ ಕರಿ ಇಶಾಡ ಮಾವನ್ನು ನೆನೆಯಿರಿ. ಸಿಪ್ಪೆ ತೆಳು, ರುಚಿ ಜಾಸ್ತಿ ಎಂದು ಯಾರೋ ಆರಿಸಿ ಉಳಿಸಿಕೊಂಡದ್ದರಿಂದ ಅದು ಬೇರೆ ತಳಿಯಾಯಿತು. ಉಪ್ಪುನೀರು ತಾಳುವ ಕಗ್ಗ ಭತ್ತವೂ ಹಾಗೆ ಆರಿಸಿದ್ದೇ. ನಾಯಿಯಲ್ಲೂ ಓಡುವುದನ್ನು ಬೇಟೆಗೆ, ಬೊಗಳುವುದನ್ನು ಕಾವಲಿಗೆ, ಚಿಕ್ಕದನ್ನು ಮಡಿಲಿಗೆ ಆರಿಸಿದರು. ಮುಧೋಳದ ಉದ್ದ ಕಾಲಿನ ಬೇಟೆನಾಯಿ ಹಾಗೆ ಆದದ್ದು. 2005ರಲ್ಲಿ ಅದರ ಅಂಚೆಚೀಟಿ ಬಂತು. ಈಗ ಸೇನೆಯೂ ಅದನ್ನು ತೆಗೆದುಕೊಂಡಿದೆ.

ಆದರೆ ಇಂದು ನಾವು 'ಜಾತಿ' ಎನ್ನುವ ಬಹುತೇಕ ವಿದೇಶಿ ತಳಿಗಳು ಕಳೆದ 200 ವರ್ಷಗಳೊಳಗೆ ಆದಂಥವು. ಇಂಗ್ಲೆಂಡಿನಲ್ಲಿ 1859ರಲ್ಲಿ ನಾಯಿ ಪ್ರದರ್ಶನ ಶುರುವಾಯಿತು. ಬಹುಮಾನಕ್ಕೆ ಲಕ್ಷಣ ಬೇಕು, ಲಕ್ಷಣ ಉಳಿಯಲು ವಂಶಾವಳಿ ಬೇಕು. ಹೀಗೆ ಪುಸ್ತಕದಲ್ಲಿ ಹೆಸರು ಬರೆದು ಜಾತಿ ಕಟ್ಟಿದರು. ಜರ್ಮನ್ ಶೆಫರ್ಡ್ ಹಾಗೆ ಶುರುವಾದದ್ದು 1899ರಲ್ಲಿ. ನಮ್ಮ ರಾಜಾನ ಜಾತಿಗಿಂತ ಊರಿನ ಎಷ್ಟೋ ಮನೆಗಳ ಜಗುಲಿ ಕಂಬ ಹಳೆಯದಿರಬಹುದು. ಕಾಳನ ಹಿಂದೆ ಅಂಥ ಪುಸ್ತಕ ಇಲ್ಲ. ಯಾರೂ ಆರಿಸದೆ, ಮಳೆ, ಉಣ್ಣೆ, ಹಸಿವು, ಚಿರತೆ ಎಲ್ಲ ದಾಟಿ ಸಾವಿರಾರು ವರ್ಷ ಊರಿನ ಜೊತೆ ಬಂದ ಸಂತತಿ ಅವನದು. 'ಕಂತ್ರಿ' ಎನ್ನುವುದು ಇಂಗ್ಲಿಷಿನ 'ಕಂಟ್ರಿ'ಯಿಂದ ಬಂದದ್ದು ಎನ್ನುತ್ತಾರೆ. ಎಂದರೆ ನಾಡಿನದು. ನಮ್ಮ ಬಾಯಲ್ಲಿ ಅದು ಬೈಗುಳವಾಯಿತು.

ನಾಡಿನ ನಾಯಿಗೆ ಮರ್ಯಾದೆ ಕೊಟ್ಟವರು ನಮ್ಮಲ್ಲೇ ಇದ್ದರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 950ರ ಸುಮಾರಿನ ಕನ್ನಡ ಶಾಸನ ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಗೆದ್ದ ಮಣಲೆರ ಎಂಬ ವೀರ ತನ್ನ ಒಡೆಯನಲ್ಲಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ದೊಡ್ಡ ಹಂದಿಯೊಂದಿಗೆ ಕಾದಿ, ಎರಡೂ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಮ್ಮ ಕಾಳನೂ ಹಂದಿ ಅಟ್ಟಿದವನೇ.

ಇನ್ನೊಂದು ಸಂಗತಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜರ್ಮನಿಯ ಬಾನ್ ಹತ್ತಿರ 1914ರಲ್ಲಿ ಕಲ್ಲುಗಣಿಯೊಂದರಲ್ಲಿ ಸುಮಾರು 14,000 ವರ್ಷ ಹಳೆಯ ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ಎಳೆಯ ನಾಯಿ. ಅದರ ಹಲ್ಲು ಪರೀಕ್ಷಿಸಿದವರು, ಮರಿಗೆ ವಾರಗಟ್ಟಲೆ ಕಾಯಿಲೆ ಇತ್ತು, ಯಾರೋ ಆರೈಕೆ ಮಾಡದಿದ್ದರೆ ಅಷ್ಟು ದಿನ ಬದುಕುತ್ತಿರಲಿಲ್ಲ ಎಂದು ಹೇಳಿದ್ದಾರೆ. ಲಸಿಕೆ ಇಲ್ಲದ, ಮನೆ ಇಲ್ಲದ ಕಾಲದ ಜನ ಕಾಯಿಲೆ ಮರಿಯನ್ನು ನೋಡಿಕೊಂಡಿದ್ದರು. ಬೈಕು, ಫೋನು, ಕೈಗೆ ಸಿಗುವ ಲಸಿಕೆ ಎಲ್ಲ ಇದ್ದ ನಾನು ಕಾಳನನ್ನು ರಸ್ತೆಯ ತಿರುವಿನಲ್ಲೇ ಬಿಟ್ಟು ಹೋಗುತ್ತಿದ್ದೆ.

ಮಗುವಿಗೆ ನಾನು ಹೇಳಿದ್ದು ಇಷ್ಟೇ: "ಜಾತಿ ನಾಯಿಯಲ್ಲಿಲ್ಲ ಮಗಾ, ನಾವು ಬರೆದದ್ದು." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಸೂಜಿ ಎಲ್ಲಕ್ಕೂ ಹಾಕ್ಸ್ಬೇಕಿತ್ತು" ಎಂದಳು.

ಓದುತ್ತಿರುವ ನಿಮ್ಮ ಅಂಗಳದಲ್ಲೂ ಒಬ್ಬ ಕಾಳ ಇರಬಹುದು. ಮರಿಗೆ ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ ಹಾಕಿಸಿ, ನಂತರ ವೈದ್ಯರು ಹೇಳಿದಂತೆ ಪ್ರತಿ ವರ್ಷ. ಯಾವ ನಾಯಿ ಕಚ್ಚಿದರೂ, ಪರಚಿದರೂ, ಗಾಯ ನೆಕ್ಕಿದರೂ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ನಾಟಿ ಔಷಧಿ ಎಂದು ಕಾಯಬೇಡಿ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ.

ಕಳೆದ ತಿಂಗಳು ನಮ್ಮ ಕೇರಿಯ ಒಂಬತ್ತು ನಾಯಿಗಳಿಗೆ ಒಂದೇ ದಿನ ಲಸಿಕೆ ಹಾಕಿಸಿದೆವು. ಹಿಡಿಯಲು ಹೋಗಿ ನಾನೇ ಕೆಸರಲ್ಲಿ ಬಿದ್ದೆ. ಕಾರ್ಡಿನಲ್ಲಿ 'ತಳಿ' ಎಂಬ ಜಾಗ ಇತ್ತು. ಏನು ಬರೆಯಲಿ ಎಂದು ಕೇಳಿದರು. ತಮ್ಮನ ಮಗಳು ಮುಂದೆ ಬಂದು, "ಹಿಲ್ಲೂರು ಅಂತ ಬರೀರಿ" ಎಂದಳು. ಹಾಗೆಯೇ ಬರೆದರು.